ಟೋಕನ್ ಇಲ್ಲದ ರೋಗಿ

ಕರ್ಕಾಟಕ ೧೪, ಮಂಗಳವಾರ

ಅಮ್ಮ ಇವತ್ತೂ ಔಷಧಿಗಂಜಿ ಮುಟ್ಟಲಿಲ್ಲ. ನಾಲ್ಕು ದಿನದಿಂದ ಇದೇ ಕತೆ. ಮಂಡಿ ಊದಿದೆಯೆಂದು ಅವಳ ತಂಗಳನ್ನ, ಮೊಸರು ಎಲ್ಲವನ್ನೂ ನಾನೇ ಒಮ್ಮೆಲೇ ನಿಲ್ಲಿಸಿದ್ದು. ಊತ ಹಾಗೇ ಇದೆ, ಅಮ್ಮನೇ ಇಳಿದುಹೋಗಿದ್ದಾಳೆ.

ಕರ್ಕಾಟಕವೆಂದರೆ ಆಯುರ್ವೇದ ಚಿಕಿತ್ಸೆಯ ತಿಂಗಳು; ಮನೆಯ ಜಗುಲಿಯಲ್ಲಿ ರೋಗಿಗಳಿಗೆ ಕೂರಲು ಜಾಗವಿಲ್ಲ. ಎಷ್ಟು ತೊಳೆದರೂ ನನ್ನ ಕೈಯಿಂದ ತೈಲದ ವಾಸನೆ ಹೋಗುವುದಿಲ್ಲ. ಮಧ್ಯಾಹ್ನ ಬೀಡಿ ಚಟ ಬಿಡಲು ಹೊರಟ ರೋಗಿ ಕುಂಞಪ್ಪನಿಗೆ ಹೇಳುತ್ತಿದ್ದೆ: "ಒಂದೇ ಸಲ ಬಿಡ್ಬೇಡಿ ಚೇಟ್ಟಾ. ಮೈಗೆ ಒಗ್ಗಿಹೋಗಿದೆ. ಕಾಲು ಕಾಲು ಪಾಲು ಕಮ್ಮಿ ಮಾಡ್ತಾ ಬನ್ನಿ."

ಒಳಗಿನಿಂದ ಅಮ್ಮ ಕೂಗಿದಳು: "ಬೀಡಿಗಿರೋ ಮರ್ಯಾದೆ ನನ್ನ ತಂಗಳಿಗಿಲ್ವಾ ವೈದ್ಯರೇ? ನಾನೂ ಟೋಕನ್ ತಗೊಂಡು ಹೊರಗೆ ಕೂರ್ಬೇಕಿತ್ತಾ?"

ಜಗುಲಿಯೆಲ್ಲ ನಕ್ಕಿತು. ನಾನೂ ನಕ್ಕೆ. ಈಗ ನಗು ಬರುತ್ತಿಲ್ಲ. ಯಾರೇ ಬಂದರೂ ಏನು ಉಣ್ಣುತ್ತೀರಿ, ಯಾವಾಗಿನಿಂದ ಎಂದು ಕೇಳುತ್ತೇನೆ. ಅಮ್ಮನನ್ನು ಮಾತ್ರ ಕೇಳಲಿಲ್ಲ.

ಈಗಷ್ಟೇ ಅಮ್ಮನ ನಾಳೆಯ ತಂಗಳಿಗೆಂದು ಅನ್ನಕ್ಕೆ ನೀರು ಹೊಯ್ದೆ. ಕುಂಞಪ್ಪನಿಗೆ ಹೇಳಿದ ಶಾಸ್ತ್ರದಂತೆಯೇ ಕಾಲು ಪಾಲು ತೆಗೆದಿಟ್ಟೆ. ಮಂಚದಿಂದಲೇ ಅಮ್ಮ, "ಇನ್ನೊಂದು ಹಿಡಿ ಹಾಕೇ" ಎಂದಳು.

ಹಾಕಿದೆ. ನಾಲ್ಕು ದಿನದಲ್ಲಿ ಅವಳು ಬಾಯಿಬಿಟ್ಟು ಕೇಳಿದ ಮೊದಲ ತುತ್ತು ಅದು.