ಸೌಟಕ್ಕನ ಗಾಡಿಗೆ ಎಲೆಕೋಸಿನ ಎಳೆ

ಹಟಮಾರಿ ಸೌಟಕ್ಕನಿಗೆ,

ಸಿಕ್ಕಿತು ಅಕ್ಕಾ! ಸಿಕ್ಕೇ ಬಿಟ್ಟಿತು! ನೀನು ಫೋನ್ ಎತ್ತುವುದಿಲ್ಲ, ಬಾಗಿಲು ತಟ್ಟಿದರೆ ಒಳಗಿನಿಂದ ಒಮ್ಮೆ ಕೆಮ್ಮಿ ಸುಮ್ಮನಾಗುತ್ತೀಯ. ಅದಕ್ಕೇ ಈ ಕಾಗದ. ನಿನ್ನ ಮಗಳ ಕೈಯಲ್ಲಿ ಕಳಿಸುತ್ತಿದ್ದೇನೆ, ಜೊತೆಗೆ ಮೂರು ಡಬ್ಬಿ. ಡಬ್ಬಿಯಲ್ಲಿರುವುದು ನೂಡಲ್ಸ್ ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ಸುಳ್ಳು ಹೆಸರಿನ ತಿಂಡಿಯನ್ನು ನೀನು ಮೂಸಿಯೂ ನೋಡುವವಳಲ್ಲ. ಆದರೆ ಇದು ಬಾಣಲೆಯಲ್ಲಿ ಕುಣಿಯುತ್ತದೆ, ಫೋರ್ಕಿಗೆ ಸುತ್ತಿಕೊಳ್ಳುತ್ತದೆ, ಮೆಣಸಿನ ಘಾಟನ್ನು ಹೊತ್ತು ನೇರವಾಗಿ ಮೂಗಿಗೆ ಏರುತ್ತದೆ. ಮತ್ತು ಇದನ್ನು ನೀನು ತಿನ್ನಬಹುದು. ಒಂದು ತುತ್ತಲ್ಲ, ಪೂರ್ತಿ ತಟ್ಟೆ!

ನನ್ನ ತಪ್ಪನ್ನು ಮೊದಲು ಬರೆದು ಮುಗಿಸುತ್ತೇನೆ. ಅದನ್ನು ಒಪ್ಪಿಕೊಳ್ಳದೆ ಬೇರೆ ಮಾತು ಹೊರಡುವುದಿಲ್ಲ.

ಡಾಕ್ಟರು ನಿನ್ನ ರಕ್ತದ ಸಕ್ಕರೆಯ ರಿಪೋರ್ಟ್ ನೋಡಿ, "ಅಮ್ಮಾ, ಇವತ್ತಿಂದ ನೂಡಲ್ಸ್ ಬಂದ್. ಕಾಲು ಬೇಕೋ, ನೂಡಲ್ಸ್ ಬೇಕೋ ನೀವೇ ನೋಡ್ಕೊಳ್ಳಿ" ಅಂದ ದಿನ ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ನೀನು ಕಾಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಹಾಗಾದ್ರೆ ಮೊದಲ ತಟ್ಟೆ ಯಾರು ತಿಂತಾರೆ ಸ್ವಾಮಿ?" ಎಂದೆ ನೀನು. ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ನನಗೆ ತಿಳಿಯಿತು. ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ನಿನ್ನ ಗಾಡಿಯೆದುರು ನಿಂತು ತಿಂದ ಯಾರಿಗಾದರೂ ತಿಳಿಯುತ್ತಿತ್ತು.

ಹೊಲಿಗೆ ವಿಭಾಗದ ಹೆಂಗಸರು ಸಾಲುಸಾಲಾಗಿ ವಾಂತಿ ಮಾಡಿಕೊಂಡು ಬಿದ್ದ ಆ ಮಧ್ಯಾಹ್ನ ಯಾರು ಮರೆತಾರು? ನೀನು ಬೇಡವೆಂದರೂ ಕಂಪನಿ ಕ್ಯಾಂಟೀನಿನಲ್ಲಿ ಬಡಿಸಿದ ಹಳಸಿದ ನೂಡಲ್ಸ್. ಮ್ಯಾನೇಜರ್ ಬಂದು ಊಟ ಚೆನ್ನಾಗಿಯೇ ಇದೆ ಎಂದ. ನೀನು ಆಗ ಅದೇ ಕ್ಯಾಂಟೀನಿನ ಅಡುಗೆಯವಳು, ಅವನ ಮೂಗಿನ ಕೆಳಗೆ ತಟ್ಟೆ ಹಿಡಿದು "ಹಾಗಿದ್ರೆ ತಿನ್ನಪ್ಪಾ" ಎಂದೆ. ಅವನು ತಿನ್ನಲಿಲ್ಲ. ನೀನು ಸೌಟಿನಿಂದ ಕಬ್ಬಿಣದ ಗೇಟು ಬಡಿದೆ, ಕೆಲಸ ಹೋಯಿತು, ಸೌಟಕ್ಕ ಎಂಬ ಹೆಸರು ಬಂತು. ಮರುವಾರವೇ ಗೇಟಿನ ಹೊರಗೆ ನಿನ್ನ ಗಾಡಿ. ದಿನವೂ ಬಾಣಲೆಯಿಂದ ಇಳಿದ ಮೊದಲ ತಟ್ಟೆಯನ್ನು ನೀನೇ, ಎಲ್ಲರ ಕಣ್ಣೆದುರು, ನಿಂತು, ಪೂರ್ತಿ ತಿನ್ನುತ್ತಿದ್ದೆ. ಆಮೇಲೆಯೇ ಮಾರಾಟ. ಅವಸರ ಮಾಡಿದವರಿಗೆ, "ನಾನಿನ್ನೂ ಸತ್ತಿಲ್ಲ, ತಡಿ" ಅನ್ನುತ್ತಿದ್ದೆ.

ಹನ್ನೆರಡು ವರ್ಷ ನಾನು ಕಾರ್ಮಿಕ ಸಂಘದ ಕರಪತ್ರಗಳಲ್ಲಿ ಬರೆದದ್ದನ್ನು ನೀನು ತಟ್ಟೆಯಲ್ಲಿ ಮಾಡಿ ತೋರಿಸಿದೆ. ಅಂಥ ನಿನಗೆ ನಾನು ಏನು ಹೇಳಿದೆ? ಆಸ್ಪತ್ರೆಯಿಂದ ಬರುವಾಗ ಬಸ್‌ಸ್ಟಾಪಿನಲ್ಲಿ ಹೇಳಿದೆ: "ತಿಂದ ಹಾಗೆ ಮಾಡಕ್ಕಾ. ಅಗಿದು ಗಾಡಿ ಹಿಂದೆ ಉಗುಳಿಬಿಡು. ಯಾರು ನೋಡ್ತಾರೆ?" ನೀನು, "ಅವನು ಮೋಸ ಮಾಡಿದ್ದಕ್ಕೆ ಗೇಟು ಬಡಿದ್ವಿ ಕಣೇ. ನಾನು ಮೋಸ ಮಾಡಿದ್ರೆ ಏನನ್ನ ಬಡೀಬೇಕು?" ಎಂದು ಬಂದ ಬಸ್ಸು ಹತ್ತಿ ಹೋದೆ. ಅಂದಿನಿಂದ ಗಾಡಿಯ ಮೇಲೆ ಟಾರ್ಪಾಲು. ಅಂದಿನಿಂದ ನನಗೆ ನಿನ್ನ ಬೈಗುಳವೂ ಇಲ್ಲ.

ಟಾರ್ಪಾಲು ಬಿದ್ದದ್ದು ನಿನ್ನ ಗಾಡಿಯ ಮೇಲೆ ಮಾತ್ರ ಅಂದುಕೊಂಡಿದ್ದೀಯಾ? ನಮ್ಮ ಹೆಂಗಸರು ಈಗ ಮತ್ತೆ ಕ್ಯಾಂಟೀನಿನ ಸಾಲಿನಲ್ಲಿ ನಿಲ್ಲುತ್ತಿದ್ದಾರೆ, ತಲೆ ತಗ್ಗಿಸಿಕೊಂಡು. ಅದನ್ನು ನೋಡಿಕೊಂಡು ನಾನು ಕೈಕಟ್ಟಿ ಕೂರುವುದು ಹೇಗೆ?

ಈಗ ಕೇಳು, ಹೇಗೆ ಸಿಕ್ಕಿತೆಂದು. ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಒಂದು ಅಂಗಡಿ ಇದೆ, 'ಹಗುರ ಊಟ'ದ ಅಂಗಡಿ. ಹೊಟ್ಟೆ ತುಂಬಿದವರು ಹೊಟ್ಟೆ ಇಳಿಸಲು ಬರುವ ಜಾಗ. ಅಲ್ಲಿನ ಹಿಂದಿನ ಅಡುಗೆಮನೆಯ ಹೆಂಗಸರಿಗೆ ಕೂರಲು ಸ್ಟೂಲಿಲ್ಲವೆಂದು ಕರಪತ್ರ ಹಂಚಲು ಹೋಗಿದ್ದೆ. ತರಕಾರಿ ಹೆಚ್ಚುವವಳು ಎಲೆಕೋಸನ್ನು ಉದ್ದುದ್ದ, ನೂಲಿನ ಹಾಗೆ ಎಳೆ ತೆಗೆಯುತ್ತಿದ್ದಳು. ಏನಿದು ಎಂದೆ. "ನೂಡಲ್ಸ್ ಬದಲಿಗೆ. ಸಕ್ಕರೆ ಕಾಯಿಲೆಯವರು ಕೇಳಿ ಕೇಳಿ ತಿಂತಾರೆ" ಎಂದಳು. ನನಗೆ ಮೈಯೆಲ್ಲ ಜುಮ್ಮೆಂದಿತು. ಹಿಂದೆಯೇ ಸಿಟ್ಟೂ ಬಂತು. ಎಲೆಕೋಸಂತೆ! ನಮ್ಮ ಬೀದಿಯ ಎಲೆಕೋಸು! ಅದಕ್ಕೆ ಗಾಜಿನ ಬಾಗಿಲು ಹಾಕಿ, ತಣ್ಣನೆ ಗಾಳಿ ಊದಿ, ಆರೋಗ್ಯವನ್ನೂ ಉಳ್ಳವರ ಕಡೆಗೆ ತಳ್ಳಿಬಿಟ್ಟಿದ್ದಾರಲ್ಲ! ದುಡಿಯುವವರ ತಟ್ಟೆಗೆ ಮೈದಾ, ಕೂತವರ ತಟ್ಟೆಗೆ ತರಕಾರಿ. ಇದು ಯಾವ ನ್ಯಾಯ? ಅವಳು ಕರಪತ್ರ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಚಾಕು ಹಿಡಿಯುವ ಬಗೆಯನ್ನು ನನಗೆ ತೋರಿಸಿಕೊಟ್ಟಳು.

ಸಂಘದ ಆಫೀಸಿನ ಹಿಂದಿನ ಕೋಣೆಯಲ್ಲಿ, ಬ್ಯಾನರ್ ಕೋಲುಗಳ ನಡುವೆ ಸ್ಟೌ ಇಟ್ಟು ಶುರು ಮಾಡಿದೆ. ಮೊದಲ ದಿನದ ಎಲೆಕೋಸು ಬಾಣಲೆಯಲ್ಲಿ ನೀರು ಬಿಟ್ಟು ಒದ್ದೆ ಬಟ್ಟೆಯಾಯಿತು. ನಮ್ಮ ಖಜಾಂಚಿ ಬಗ್ಗಿ ನೋಡಿ, "ಇದು ತಿನ್ನೋದಾ, ನೆಲ ಒರೆಸೋದಾ?" ಎಂದ. ಉಪ್ಪು ಮೊದಲೇ ಹಾಕಿದ್ದೆ, ಅದೇ ತಪ್ಪು. ಬಾಣಲೆ ಹೊಗೆಯಾಡುವಷ್ಟು ಕಾಯಬೇಕು, ಎಳೆಯಲ್ಲಿ ಒಂದು ಹನಿ ನೀರಿರಬಾರದು, ಉಪ್ಪನ್ನು ಬಾಣಲೆ ಇಳಿಸುವಾಗ ಹಾಕಬೇಕು. ನಾಲ್ಕನೆಯ ಸಲಕ್ಕೆ ಎಳೆ ಕಡಿದರೆ ಕರಕ್ ಎಂದಿತು! ನಾನು ಸೌಟು ಹಿಡಿದೇ ಕೂಗಿಬಿಟ್ಟೆ. ನಾನು ಕೈ ಸುಟ್ಟುಕೊಂಡೆನೆಂದುಕೊಂಡು ಪಕ್ಕದ ಟೈಲರ್ ನೀರು ಹಿಡಿದು ಓಡಿ ಬಂದ.

ಯಾವುದೋ ಗಡ್ಡೆಯ ಹಿಟ್ಟಿನಿಂದ ಮಾಡುವ ಗಾಜಿನಂಥ ಎಳೆಯನ್ನೂ ತಂದೆ. ಪ್ಯಾಕೆಟ್ ಒಡೆದರೆ ಮೀನು ಮಾರುಕಟ್ಟೆ! ನಾಲ್ಕು ನೀರಲ್ಲಿ ತೊಳೆದ ಮೇಲೆ ವಾಸನೆ ಹೋಯಿತು, ರುಚಿಯೇನೋ ಮೊದಲೇ ಇರಲಿಲ್ಲ. ಅದು ನಮ್ಮ ಗೇಟಿಗೆ ಒಗ್ಗುವುದಲ್ಲ, ಬಿಟ್ಟೆ.

ನಿನ್ನ ಕಡಲೆಕಾಯಿ ನೂಡಲ್ಸಿಗೆ ಎಳೆಯ ಸೋರೆಕಾಯಿ. ಬೀಜದ ತಿರುಳು ಬಿಟ್ಟು, ಸಿಪ್ಪೆ ಹೆರೆಯುವ ಚಾಕುವಿನಲ್ಲಿ ರಿಬ್ಬನ್ನಿನ ಹಾಗೆ ತೆಗೆದು, ಉಪ್ಪು ಹಚ್ಚಿ ಹಿಂಡಿ, ಎರಡೇ ನಿಮಿಷ ಆವಿ. ಕಹಿಯಿದ್ದರೆ ಇಡೀ ಕಾಯಿ ಬಿಸಾಡು, ಕರುಣೆ ಬೇಡ. ನಿನ್ನ ಸೂಪಿಗೆ ಮೊಟ್ಟೆ. ತೆಳ್ಳಗೆ ಹಾಳೆಯ ಹಾಗೆ ಬೇಯಿಸಿ, ಸುರುಳಿ ಸುತ್ತಿ, ಸಣ್ಣಗೆ ಕತ್ತರಿಸಿ ಬಿಡಿಸಿದರೆ ಹಳದಿ ಎಳೆ. ಸೂಪಿನಲ್ಲಿ ಎಷ್ಟು ಹೊತ್ತಿದ್ದರೂ ಕರಗುವುದಿಲ್ಲ. ನಿನ್ನ ನೂಡಲ್ಸ್ ಕೂಡ ಅಷ್ಟು ಹೊತ್ತು ತಡೆಯುತ್ತಿರಲಿಲ್ಲ, ಸತ್ಯ ಹೇಳಬೇಕಲ್ಲ!

ಬೀಗುತ್ತ ಮೂರನ್ನೂ ಹೊತ್ತು ಆಸ್ಪತ್ರೆಯಲ್ಲಿ ಆಹಾರದ ಸಲಹೆ ಕೊಡುವ ಮೇಡಂ ಬಳಿ ಹೋದೆ. ಆಕೆ ರುಚಿ ನೋಡಿ ನನ್ನ ಬಲೂನಿಗೆ ಸೂಜಿ ಚುಚ್ಚಿದರು. "ಎಳೆ ಸರಿ. ಈ ಸಾಸಲ್ಲಿ ಎಷ್ಟು ಸಕ್ಕರೆ ಸುರಿದಿದೀರಿ? ಎಣ್ಣೆ ಯಾಕೆ ಈಜಾಡ್ತಿದೆ?" ನಾಚಿಕೆಯಾಯಿತು ಅಕ್ಕಾ. ಬಾಟಲಿಯ ಸಾಸ್ ಬಿಸಾಡಿ, ಎಣ್ಣೆ ಇಳಿಸಿ, ಟೊಮೆಟೊ ಬತ್ತಿಸಿದೆ, ಬೆಳ್ಳುಳ್ಳಿ ಸುಟ್ಟು ಹಾಕಿದೆ, ವಿನೆಗರ್, ಮೆಣಸು. ಎರಡನೆಯ ಸಲ ಹೋದಾಗ ಆಕೆ ಡಬ್ಬಿ ಮುಚ್ಚದೆ ತಿನ್ನುತ್ತಲೇ ಹೇಳಿದರು: "ಇದನ್ನ ಅವರು ಪೂರ್ತಿ ತಟ್ಟೆ ತಿನ್ನಲಿ. ಮಾತ್ರೆ ಮಾತ್ರ ಬಿಡಬಾರದು." ಕೇಳಿಸಿತಾ? ಎಲೆಕೋಸು ಮದ್ದಲ್ಲ. ಮಾತ್ರೆ ನುಂಗು.

ಮೊನ್ನೆ ಮಧ್ಯಾಹ್ನದ ಬಿಡುವಿನಲ್ಲಿ ಗೇಟಿಗೆ ಒಯ್ದೆ. ಮೊದಲ ತಟ್ಟೆಯನ್ನು ಎಲ್ಲರೆದುರು ನಾನೇ ತಿಂದೆ. ಉಗುಳಲಿಲ್ಲ. ಹೊಲಿಗೆಯವರು ಕೈಚಾಚಿದರು. ಮೂಟೆ ಹೊರುವವರ ಪೈಕಿ 'ಕ್ರೇನ್' ಅನ್ನಿಸಿಕೊಂಡವನಿದ್ದಾನಲ್ಲ, ಅವನು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಏನಮ್ಮಾ ಕರಪತ್ರ, ನನ್ನ ಹೊಟ್ಟೆ ಕರಗಿಸೋಕೆ ಬಂದ್ಯಾ? ಈ ಸೊಪ್ಪು ತಿಂದು ಮೂಟೆ ಎತ್ಲಾ, ಹಾಲು ಕೊಡ್ಲಾ?" ಎಂದ. ಗೇಟೆಲ್ಲ ನಗು. ಆದರೆ ಅವನ ಮಾತು ನನ್ನ ಕೆನ್ನೆಗೆ ಬಾರಿಸಿದ ಹಾಗಿತ್ತು. ಗಾಜಿನ ಬಾಗಿಲಿನವರ ಲೆಕ್ಕಾಚಾರವನ್ನೇ ನಾನೂ ತಂದು ಬೀದಿಗೆ ಸುರಿದಿದ್ದೆ! ಭಾರ ಎತ್ತುವವನಿಗೆ ಹಗುರ ಊಟ ಅನ್ನುವುದೂ ಒಂದು ವಂಚನೆಯೇ. ಮರುದಿನ ಅದೇ ಎಲೆಕೋಸಿಗೆ ಬೇಯಿಸಿದ ಕಾಳು ಎರಡು ಸೌಟು, ಮೊಟ್ಟೆ ಎರಡು ಬಿತ್ತು. ಕ್ರೇನ್ ಎರಡು ತಟ್ಟೆ ಇಳಿಸಿ, ಬೆರಳು ನೆಕ್ಕಿ, "ಪರವಾಗಿಲ್ಲ" ಎಂದ. ಆಮೇಲೆ ದನಿ ತಗ್ಗಿಸಿ, "ಕೈ ಮಾತ್ರ ಸೌಟಕ್ಕಂದಲ್ಲ" ಎಂದ.

ಅದು ನಿಜ. ಎಳೆ ನಾನು ಹುಡುಕಬಲ್ಲೆ, ಬೆಂಕಿ ನಿನ್ನ ಹಾಗೆ ಓದಲಾರೆ. ನನ್ನ ಮೆಣಸು ಒಂದು ದಿನ ಕೂಗುತ್ತದೆ, ಒಂದು ದಿನ ಮಲಗುತ್ತದೆ. ಇದನ್ನು ಪೂರ್ತಿ ಮಾಡಲು ನೀನೇ ಬೇಕು.

ನನ್ನ ಮಾತು ನಂಬು ಅನ್ನುವ ಯೋಗ್ಯತೆ ಬಸ್‌ಸ್ಟಾಪಿನಲ್ಲಿಯೇ ಕಳೆದುಕೊಂಡೆ. ಹಾಗಾಗಿ ನಂಬಬೇಡ, ಅಳೆದು ನೋಡು. ನಿನ್ನ ಮಗಳು ತಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ಸಕ್ಕರೆ ನೋಡುವ ಪುಟ್ಟ ಯಂತ್ರ ತಂದಿದ್ದಾಳೆ. ಮೊದಲು ಎಲೆಕೋಸಿನ ಡಬ್ಬಿ ತೆಗೆ. ತಿನ್ನುವ ಮುಂಚೆ ಒಮ್ಮೆ ಬೆರಳು ಚುಚ್ಚು, ತಿಂದ ಎರಡು ಗಂಟೆಗೆ ಇನ್ನೊಮ್ಮೆ. ನಾಳೆ ಸೋರೆಕಾಯಿ, ನಾಡಿದ್ದು ಸೂಪು; ಅಲ್ಲಿಯವರೆಗೆ ಎರಡನ್ನೂ ಫ್ರಿಜ್ಜಿನಲ್ಲಿಡು. ಡಾಕ್ಟರ ಮಾತೂ ಬೇಡ, ಮೇಡಂ ಮಾತೂ ಬೇಡ, ಸಂಘದ ಮಾತಂತೂ ಬೇಡವೇ ಬೇಡ. ನಿನ್ನ ರಕ್ತ ಏನು ಹೇಳುತ್ತದೋ ಅದನ್ನೇ ಕೇಳು. ಅಂಕಿ ಜಿಗಿದರೆ ಡಬ್ಬಿಯನ್ನು ನನ್ನ ಮುಖಕ್ಕೆ ಎಸೆ, ನಾನು ಬೇರೆ ತರಕಾರಿ ಹುಡುಕಲು ಹೊರಡುತ್ತೇನೆ. ಜಿಗಿಯದಿದ್ದರೆ ಸೋಮವಾರ ಮಧ್ಯಾಹ್ನ ಗೇಟಿಗೆ ಬಾ, ಎಲ್ಲರೆದುರು ನನ್ನನ್ನು ಬೈ. ಹೊಟ್ಟೆ ತುಂಬ ಬೈಸಿಕೊಂಡು ಬಹಳ ದಿನವಾಯಿತು.

ನಿನ್ನ ಕಾಲು ಗಟ್ಟಿಯಾಗಿ ನೆಲದ ಮೇಲಿರಲಿ, ನಿನ್ನ ನಾಲಿಗೆಯ ಖಾರ ಎಂದೂ ಇಳಿಯದಿರಲಿ.

ಎಲೆಕೋಸು ಹೆಚ್ಚುತ್ತ ಕಾಯುತ್ತಿರುವ,
ನಿನ್ನ ಕರಪತ್ರ