ಮಾವ ಕೇಳಿದ ಸಂಬಳದ ಚೀಟಿ

ಬಾಗಲಗುಂಟೆ, ಬೆಂಗಳೂರು
೧೭ ಆಗಸ್ಟ್ ೨೦೨೫, ಭಾನುವಾರ ಮಧ್ಯಾಹ್ನ

ಐಶ್ವರ್ಯಾಳ ಅಪ್ಪನವರಿಗೆ ಮಹಾನಂದಾ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ನೀವಿರುವ ಚಾಕಣದ ಕಡೆ ಮಳೆ ಇನ್ನೂ ಬಿಟ್ಟಿಲ್ಲವಂತೆ. ಒಂದೇ ಕೋಣೆಯಲ್ಲಿ ಆರು ಜನ ಒದ್ದೆ ಬಟ್ಟೆ ಹರವಿಕೊಂಡು ಮಲಗಿದರೆ ಕೆಮ್ಮು ತಾನೇ ಎಲ್ಲಿಗೆ ಹೋಗಬೇಕು? ಈ ಪಾರ್ಸೆಲ್ಲಿನಲ್ಲಿ ನಿಮ್ಮ ಸ್ವೆಟರ್ ಇದೆ, ಶೇಂಗಾ ಚಟ್ನಿಪುಡಿ ಇದೆ. ಪುಡಿಯನ್ನು ಕೋಣೆಯವರಿಗೆಲ್ಲ ಹಂಚಿ ದಾನಶೂರ ಕರ್ಣ ಆಗಬೇಡಿ. ಪಾಪು ಚೆನ್ನಾಗಿದ್ದಾಳೆ. ಅಂಗನವಾಡಿಯಲ್ಲಿ ನಿಮ್ಮಪ್ಪ ಎಲ್ಲಿದ್ದಾನೆ ಎಂದು ಕೇಳಿದರೆ "ಫೋನಿನ್ಯಾಗ" ಎಂದಳಂತೆ. ಟೀಚರ್ ಹೇಳಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚೇಕೆ ಎನ್ನುತ್ತೀರಿ. ದುಡ್ಡಿನ ಮಾತು ತೆಗೆದರೆ ನೀವು "ದಣದೀನಿ, ನಾಳೆ ಮಾತಾಡೂಣು" ಎಂದು ಇಟ್ಟುಬಿಡುತ್ತೀರಿ. ಮೆಸೇಜ್ ಹಾಕಿದರೆ ಹೆಬ್ಬೆರಳಿನ ಚಿತ್ರ ಬರುತ್ತದೆ. ಕಾಗದಕ್ಕೆ ಹೆಬ್ಬೆರಳು ತೋರಿಸಲು ಆಗುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ಹೆಬ್ಬಗೋಡಿಯಿಂದ ಮಾವ ಫೋನ್ ಮಾಡಿದ್ದರು. ಸಿದ್ದಾರ್ಥನಿಗೆ ಊರ ಹತ್ತಿರದ ಕಾಲೇಜಿನಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿದೆಯಂತೆ. ನಿಮಗೂ ಗೊತ್ತಿರಬೇಕು, ತಮ್ಮನಾದವನು ಅಣ್ಣನಿಗೆ ಹೇಳದೆ ಇರುತ್ತಾನೆಯೇ? ಅಣ್ಣ ಓದಿದ್ದನ್ನೇ ಓದುತ್ತೇನೆಂದು ಅವನೇ ಆರಿಸಿಕೊಂಡನಂತೆ. ಅದಕ್ಕೆ ಮತ್ತೆ ಸಾಲ. ನಿಮ್ಮ ಓದಿನ ಸಾಲಕ್ಕೆ ಸಹಿ ಹಾಕಿದವರು ಮಾವ, ಅದೇ ಇನ್ನೂ ತೀರಿಲ್ಲ. ಹಾಗಾಗಿ ಮನೆಯಲ್ಲಿ ದುಡಿಯುವ ಇನ್ನೊಬ್ಬರ ಸಂಬಳದ ಚೀಟಿ ತನ್ನಿ ಎಂದಿದ್ದಾರೆ ಬ್ಯಾಂಕಿನವರು. ಇನ್ನೊಬ್ಬರು ಎಂದರೆ ನೀವು. ಪಾಪುವಿನ ಶಾಲೆಯ ಅರ್ಜಿಗೆಂದು ನೀವು ಕಳಿಸಿದ್ದ ಸ್ಲಿಪ್ಪನ್ನು ನಾನು ಪ್ರಿಂಟ್ ತೆಗೆಸಿ ಇಟ್ಟದ್ದು ಮಾವನಿಗೆ ಹೇಗೋ ಗೊತ್ತಾಗಿದೆ. ಇವತ್ತು ಸಂಜೆ ಬಂದು ತೆಗೆದುಕೊಂಡು ಹೋಗುತ್ತಾರೆ. ಶುಕ್ರವಾರ ಊರ ಬ್ಯಾಂಕಿನಲ್ಲಿ ಸಹಿ.

ಆ ಸ್ಲಿಪ್ಪಿನಲ್ಲಿ ಏನಿದೆ ಎಂದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಕೈಗೆ ಬರುವುದು ಹದಿನಾರೂವರೆ ಸಾವಿರ. ಮಾವನ ತಲೆಯಲ್ಲಿ ಇರುವುದು ಅರವತ್ತೈದು ಸಾವಿರ. ಚಾಕಣಕ್ಕೆ ಹೋಗುವ ಮುಂಚೆ ಅವರ ಶೆಡ್ಡಿಗೆ ಹೋದಾಗ, ಜೊತೆಗೆ ಗೋಡೆ ಕಟ್ಟುವ ಗೌಂಡಿಗಳ ಮುಂದೆ ಅವರು "ಎಷ್ಟ್ ಕೊಡ್ತಾರೋ ಮಗನ?" ಎಂದು ಕೇಳಿದರು. ನೀವು ಅರವತ್ತೈದು ಎಂದಿರಿ. ನಾನು ಪಾಪುವನ್ನು ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದೆ. ಅವತ್ತು ನಿಮ್ಮ ಮೇಲೆ ಸಿಟ್ಟು ಬರಲಿಲ್ಲ, ಅಯ್ಯೋ ಎನಿಸಿತು. ಅಷ್ಟು ಜನರ ನಡುವೆ ನಿಜ ಹೇಳಲು ಯಾರಿಗೆ ತಾನೇ ಬಾಯಿ ಬರುತ್ತದೆ? ಆದರೆ ಆಮೇಲೆ ಒಬ್ಬರೇ ಸಿಕ್ಕಾಗಲಾದರೂ ಹೇಳಬಹುದಿತ್ತು.

ಬೆಳಿಗ್ಗೆಯಿಂದ ಬಟ್ಟೆ ಒಗೆಯುತ್ತಾ ಇದನ್ನೇ ಲೆಕ್ಕ ಹಾಕುತ್ತಿದ್ದೇನೆ. ನಾಲ್ಕು ಲಕ್ಷ ತೆಗೆದ ಸಾಲ, ಕೆಲಸವಿಲ್ಲದೆ ಕುಳಿತ ವರ್ಷಗಳ ಬಡ್ಡಿ ಸೇರಿ ಆರರ ಹತ್ತಿರ ಹೋಗಿದೆ. ತಿಂಗಳಿಗೆ ಎಂಟು ಸಾವಿರ ಬ್ಯಾಂಕಿಗೆ. ನಿಮ್ಮ ಊಟ, ಕೋಣೆ ಕಳೆದು ಇಲ್ಲಿಗೆ ಬರುವುದು ಮೂರು ಸಾವಿರ, ಕೆಲವು ತಿಂಗಳು ಅದೂ ಇಲ್ಲ. ಮನೆ ಬಾಡಿಗೆ ನಡೆಯುತ್ತಿರುವುದು ನನ್ನ ಗಾರ್ಮೆಂಟ್ಸ್ ಸಂಬಳದಿಂದ. ಐದು ವರ್ಷ ಅನುಭವವಾದರೆ ಸಂಬಳ ನಲವತ್ತು ಸಾವಿರ ದಾಟುತ್ತದೆ ಎನ್ನುತ್ತೀರಿ. ದಾಟಬಹುದು. ಆದರೆ ಪೀಣ್ಯದಲ್ಲಿ ಎರಡು ಕಡೆ ಟ್ರೈನಿ ಎಂದರು, ಚಾಕಣದಲ್ಲೂ ಕಾಂಟ್ರಾಕ್ಟ್ ಎಂದರು. ಪ್ರತಿ ಸಲವೂ ಅನುಭವ ಮೊದಲಿನಿಂದ ಶುರುವಾಗುತ್ತಿದೆ. ಅತ್ತ ಮಾವನಿಗೆ ದಿನಕ್ಕೆ ಸಾವಿರದ ನೂರು. ಶನಿವಾರಕ್ಕೊಮ್ಮೆ ಬಟವಾಡೆ, ಆರೂವರೆ ಸಾವಿರ ಎಣಿಸಿಕೊಂಡು ಬರುತ್ತಾರೆ. ಮಗ ತನ್ನ ಹಾಗೆ ಗೋಡೆ ಕಟ್ಟಬಾರದೆಂದು ಓದಿಸಿದರು. ಈಗ ಮಗನಿಗಿಂತ ಅವರ ಗಳಿಕೆಯೇ ಹೆಚ್ಚು. ಅದು ಅವರಿಗೆ ಗೊತ್ತಿಲ್ಲ. ಮೊಣಕಾಲು ಊದಿಕೊಂಡರೂ ಸಾರವೆ ಹತ್ತುತ್ತಾರೆ.

ಇನ್ನೊಂದು ಮಾತು ಎದೆಯಲ್ಲಿದೆ, ಅದನ್ನೂ ಬರೆದುಬಿಡುತ್ತೇನೆ. ಪೀಣ್ಯದ ಫ್ಯಾಕ್ಟರಿ ಓನರ್ ಕೃಷ್ಣಪ್ಪನವರು "ಇಂಜಿನಿಯರ್ ಅಂದ್ರೆ ಹದಿನೆಂಟು ಕೊಡ್ತೀನಿ ಕಣಪ್ಪಾ, ಮಷೀನ್ ಮೇಲೆ ನಿಂತ್ಕೊಂಡ್ರೆ ಓವರ್‌ಟೈಮ್ ಸೇರಿ ಇಪ್ಪತ್ತೆಂಟು ಆಗುತ್ತೆ" ಎಂದಿದ್ದರಲ್ಲ. ನೀವು ಮನೆಗೆ ಬಂದು ತಟ್ಟೆ ತಳ್ಳಿ, "ಆಪರೇಟರ್ ಆಗ್ಲಿ ಅಂತ ಅಪ್ಪ ಸಾಲಾ ಮಾಡ್ಯಾನನ?" ಎಂದಿರಿ. ಆ ಇಂಜಿನಿಯರ್ ಎನ್ನುವ ಹೆಸರಿಗಾಗಿ ಚಾಕಣಕ್ಕೆ ಹೋದಿರಿ. ಆ ಹೆಸರನ್ನು ನಂಬಿಯೇ ಈಗ ಸಿದ್ದಾರ್ಥ ಹೊರಟಿದ್ದಾನೆ. ಓದಬೇಡ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಓದಿನ ಮೇಲೆ ಪ್ರೀತಿ ಇದ್ದರೆ ಓದಲಿ. ಆದರೆ ಅಣ್ಣನಿಗೆ ಎಷ್ಟು ಬರುತ್ತದೆ ಎಂದು ತಿಳಿದುಕೊಂಡು ಓದಲಿ. ಇನ್ನೂ ನಾಲ್ಕೈದು ಲಕ್ಷಕ್ಕೆ ಸಹಿ ಹಾಕುವ ಮುಂಚೆ ಮಾವನಿಗೂ ಅದು ತಿಳಿಯಲಿ.

ಅದಕ್ಕೇ ತೀರ್ಮಾನ ಮಾಡಿದ್ದೇನೆ. ಸಂಜೆ ಮಾವ ಬಂದರೆ ಸ್ಲಿಪ್ಪನ್ನು ಕೈಯಲ್ಲಿಡುತ್ತೇನೆ, ನಿಜವನ್ನೂ ಹೇಳುತ್ತೇನೆ. ಅವರಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ, ಅಷ್ಟು ಸಾಕು. ನಿಮಗೆ ಅವಮಾನವಾಗುತ್ತದೆ, ನನ್ನ ಮೇಲೆ ಸಿಟ್ಟೂ ಬರುತ್ತದೆ. ಬರಲಿ. ಸಿಟ್ಟು ಬಂದರೂ ಊಟ ಮಾತ್ರ ಬಿಡಬೇಡಿ. ನೀವು ಚಿಕ್ಕವರಾದಿರೆಂದು ನಾನು ಒಂದು ದಿನವೂ ಎಣಿಸಿಲ್ಲ, ಇದನ್ನು ಎರಡು ಸಲ ಓದಿಕೊಳ್ಳಿ. ಪಾಪು ಈ ಕಾಗದದ ಮೂಲೆಯಲ್ಲಿ ಏನೋ ಗೀಚಿದ್ದಾಳೆ, ಅದು ನೀವಂತೆ.

ನಿಮ್ಮ ಆರೋಗ್ಯವನ್ನೇ ಬೇಡಿಕೊಳ್ಳುವ,
ಮಹಾನಂದಾ

ಸೋಮವಾರ ಬೆಳಿಗ್ಗೆ, ಪೋಸ್ಟ್ ಆಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ. ಮಾವ ಬಂದಿದ್ದರು. ಸ್ಲಿಪ್ ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಅಂಕಿಯ ಮೇಲೆ ಬೆರಳಿಟ್ಟು ಓದಿದರು. ಆಮೇಲೆ, "ವಾರದ್ದೇನವ್ವಾ ಇದು?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬೆರಳು ಮಡಚಿ, "ನಾಕ ವಾರಕ್ಕ ಅರವತ್ತಾರು. ಅರವತ್ತೈದಂತ ಹೇಳಿದ್ದ, ಒಂದ್ ಸಾವಿರ ಕಮ್ಮೀನ ಹೇಳ್ಯಾನ ನೋಡ ನನ್ನ ಮಗ!" ಎಂದು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಮ್ಮ ಮದುವೆಯಲ್ಲೂ ನಾನು ನೋಡಿರಲಿಲ್ಲ. ಹೌದೋ ಅಲ್ಲವೋ ಎಂದು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿಬಿಟ್ಟೆ. ಅಲ್ಲಿಂದಲೇ ಸಿದ್ದಾರ್ಥನಿಗೆ ಫೋನ್ ಹಚ್ಚಿ, "ಸೇರ್ಕೋ ಮಗನ, ನಿಮ್ಮಣ್ಣನ ಚೀಟಿ ನನ್ನ ಕೈಯಾಗ ಐತಿ" ಎಂದರು. ಗುರುವಾರ ರಾತ್ರಿ ಬಸ್ಸಿಗೆ ಊರಿಗೆ ಹೊರಡುತ್ತಾರೆ. ಶುಕ್ರವಾರ ಬ್ಯಾಂಕಿನವರು ಆ ಚೀಟಿಯನ್ನು ಹತ್ತು ಜನರ ಮುಂದೆ ಓದಿ ಹೇಳುತ್ತಾರೆ. ಬೆಳಿಗ್ಗೆಯಿಂದ ನಿಮಗೆ ಫೋನ್ ಮಾಡುತ್ತಲೇ ಇದ್ದೇನೆ, ಫ್ಯಾಕ್ಟರಿ ಗೇಟಿನಲ್ಲಿ ಫೋನ್ ಇಸಿದು ಇಟ್ಟುಕೊಂಡಿದ್ದಾರೋ ಏನೋ, ನೀವು ಎತ್ತುತ್ತಿಲ್ಲ. ಪಾರ್ಸೆಲ್ ಬುಧವಾರ ಮುಟ್ಟುತ್ತದೆ ಎನ್ನುತ್ತಾರೆ. ಮುಟ್ಟಿದ ಕೂಡಲೇ ಫೋನ್ ಮಾಡಿ. ನನಗಲ್ಲ, ನಿಮ್ಮ ಅಪ್ಪನಿಗೆ.