ಸೀಟಿ ಹಾಕದ ನಂಬರು

ಮನೆಯಿಂದ
೧೨ ಫೆಬ್ರವರಿ ೧೯೯೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಇವತ್ತು ಬೆಳಿಗ್ಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಅಮ್ಮ ಮೇಜು ಒರೆಸುವಾಗ ಟೆಲಿಫೋನನ್ನು ಎತ್ತಿ ಅದರ ಅಡಿಯನ್ನೂ ಒರೆಸುತ್ತಾಳೆ. ಪಕ್ಕದಲ್ಲೇ ಇರುವ, ಕಂಪ್ಯೂಟರನ್ನು ಫೋನಿಗೆ ಜೋಡಿಸುವ ನಿನ್ನ ಮೋಡೆಮ್ ಪೆಟ್ಟಿಗೆಯನ್ನು ಮಾತ್ರ ಮುಟ್ಟುವುದಿಲ್ಲ. ಎದ್ದು ಹೋಗದ ನೆಂಟನ ಕಾಲಿನ ಸುತ್ತ ಕಸ ಗುಡಿಸಿದ ಹಾಗೆ ಬಳಸಿಕೊಂಡು ಹೋಗುತ್ತಾಳೆ. ನೀನಿದ್ದಿದ್ದರೆ ಇಬ್ಬರೂ ನಗುತ್ತಿದ್ದೆವು.

ಕಿವಿನೋವು ಹೇಗಿದೆ? ಹಡಗಿನ ರೇಡಿಯೋ ಕೋಣೆಯಲ್ಲಿ ಇಡೀ ದಿನ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತರೆ ಇನ್ನೇನಾಗುತ್ತದೆ ಎಂದು ಅಮ್ಮ ದಿನಕ್ಕೊಮ್ಮೆ ಹೇಳುತ್ತಾಳೆ, ಅದೂ ನಾನೇ ನಿನ್ನನ್ನು ಹಡಗು ಹತ್ತಿಸಿದವಳು ಎನ್ನುವ ಧಾಟಿಯಲ್ಲಿ. ಊಟ ಸೇರುತ್ತಿದೆಯೇ? ಹೊಸ ಅಡುಗೆಯವನು ಪರವಾಗಿಲ್ಲ ಎಂದು ಬರೆದಿದ್ದೆ. ಆ ‘ಪರವಾಗಿಲ್ಲ’ವನ್ನು ಅಮ್ಮ ನಂಬಿಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪ ಹೊಸ ಕನ್ನಡಕ ಹಾಕಿಸಿಕೊಂಡು, ಹಳೆಯದೇ ಚೆನ್ನಾಗಿತ್ತು ಎಂದು ಹಳೆಯದನ್ನೇ ಹಾಕಿಕೊಂಡು ಓಡಾಡುತ್ತಿದ್ದಾರೆ.

ಇನ್ನು ನೀನು ನನಗೆ ಒಪ್ಪಿಸಿ ಹೋದ ಡೈರೆಕ್ಟರಿಯ ಸುದ್ದಿ. ಎದುರುಮನೆಯ ಅಜ್ಜಿ ಮೊನ್ನೆ ಬಂದು, “ಅಷ್ಟೆಲ್ಲ ಸಾಹಿತ್ಯ ಓದಿ ಈಗ ಮನೇಲಿ ಏನೇ ಮಾಡ್ತೀಯ?” ಎಂದು ಕೇಳಿದರು. ನಾನು ಎಂದಿನಂತೆ ಮಾತು ಹುಡುಕುತ್ತಾ ನಿಂತೆ. ಅಡುಗೆಮನೆಯಿಂದ ಅಮ್ಮನೇ ಉತ್ತರ ಕೊಟ್ಟಳು: “ಕೆಲವರು ಮನೇಲಿ ಕಂಪ್ಯೂಟರ್ನ ಫೋನಿಗೆ ಕಟ್ಟಿ ಕೂರಿಸ್ತಾರಂತೆ. ಬೇರೆಯವರು ತಮ್ಮ ಕಂಪ್ಯೂಟರಿಂದ ಫೋನ್ ಮಾಡಿ ಅದರಲ್ಲಿ ಚೀಟಿ ಅಂಟಿಸಿ ಹೋಗ್ತಾರಂತೆ. ಅದಕ್ಕೆ ಬುಲೆಟಿನ್ ಬೋರ್ಡು ಅಂತಾರೆ. ಯಾವ ಬೋರ್ಡು ಯಾವ ನಂಬರಲ್ಲಿದೆ ಅಂತ ಇವಳು ಪಟ್ಟಿ ಮಾಡ್ತಾಳೆ.” “ಸಂಬಳ?” ಎಂದರು ಅಜ್ಜಿ. “ಫೋನ್ ಬಿಲ್ಲು,” ಎಂದರು ಅಪ್ಪ, ಪೇಪರಿನ ಹಿಂದಿನಿಂದ.

ಆದರೂ ಈ ಕೆಲಸ ನನಗೆ ಹಿಡಿಸಿದೆ ಅಣ್ಣಾ. ಬಾಯಿ ತೆರೆಯದೆ ಎಷ್ಟೊಂದು ಮನೆಗಳಿಗೆ ಹೋಗಿ ಬರುತ್ತೇನೆ. ಹೆಸರು, ನಂಬರು, ವೇಳೆ, ಅಷ್ಟೇ ಸಾಕು ಎಂದು ನೀನು ಹೇಳಿದ್ದರೂ ನಾನು ಒಂದೊಂದು ಸಾಲು ಸೇರಿಸುತ್ತಿದ್ದೇನೆ. ಹಳೆ ರೇಡಿಯೋ ರಿಪೇರಿಯವರ ಬೋರ್ಡಿಗೆ ‘ಜಗಳ ಜಾಸ್ತಿ, ಆದರೆ ಕೇಳಿದ್ದಕ್ಕೆ ಉತ್ತರ ಗ್ಯಾರಂಟಿ’ ಎಂದು ಬರೆದೆ. ಅವರು ಆ ಸಾಲಿನ ಬಗ್ಗೆಯೂ ಜಗಳವಾಡಿ, ಕೊನೆಗೆ ಅದನ್ನೇ ತಮ್ಮ ಸ್ವಾಗತದ ಪುಟಕ್ಕೆ ಹಾಕಿಕೊಂಡಿದ್ದಾರೆ. ಕುಂಡಗಳಲ್ಲಿ ಗಿಡ ಬೆಳೆಸುವವರ ‘ಹಿತ್ತಲು’ ಬೋರ್ಡು ನೆನಪಿದೆಯಲ್ಲ, ತೋಟಗಿತ್ತಿ ಎಂದು ಹೆಸರಿಟ್ಟುಕೊಂಡ ಹುಡುಗಿ ತನ್ನ ಮನೆಯಲ್ಲಿ ನಡೆಸುತ್ತಿದ್ದಳು? ಅದಕ್ಕೆ ‘ಇಲ್ಲಿಗೆ ಹೋದರೆ ಕೈ ಮಣ್ಣಾಗುತ್ತದೆ’ ಎಂದು ಬರೆದಿದ್ದೆ. ಈ ಕಾಗದ ಆ ಹಿತ್ತಲಿನ ಬಗ್ಗೆಯೇ.

ನೀನು ಬರೆದುಕೊಟ್ಟ ಪ್ರೋಗ್ರಾಂ ಈಗಲೂ ದಿನಾ ಸಂಜೆ ಪಟ್ಟಿಯ ನಂಬರುಗಳಿಗೆಲ್ಲ ತಾನೇ ಡಯಲ್ ಮಾಡುತ್ತದೆ. ಆ ಕಡೆಯ ಯಂತ್ರ ಕೀ ಎಂದು ಸೀಟಿ ಹಾಕಿದರೆ ಬೋರ್ಡು ಬದುಕಿದೆ ಎಂದು ಗುರುತು. ಹಾಕದಿದ್ದರೆ ತುಸು ಹೊತ್ತು ಸುಮ್ಮನೆ ಕಾದು, ಫೋನಿಟ್ಟು, ಮರುದಿನ ಅದೇ ಹೊತ್ತಿಗೆ ಮತ್ತೆ ಪ್ರಯತ್ನ. “ಹವ್ಯಾಸಿಗಳು ಕಣೇ. ಪರೀಕ್ಷೆ ಅಂತ, ಸೆಖೆ ಅಂತ ಮಷೀನು ಆರಿಸಿರ್ತಾರೆ. ತಿಂಗಳು ಕಾಯದೆ ಯಾರ ಹೆಸರನ್ನೂ ಹೊಡೆದು ಹಾಕ್ಬೇಡ,” ಎಂದು ಹೇಳಿ ಹೋಗಿದ್ದೆ. ಹಿತ್ತಲು ಕೆಲವು ವಾರಗಳಿಂದ ಸೀಟಿ ಹಾಕಿರಲಿಲ್ಲ. ನಾನು ನಿನ್ನ ಮಾತಿನಂತೆ ಕಾಯುತ್ತಿದ್ದೆ.

ಗುರುವಾರ ಸಂಜೆ ಲೈನಿನಲ್ಲಿ ಕರಕರ ಸದ್ದಿದೆಯೇ ನೋಡೋಣ ಎಂದು ಮೋಡೆಮಿನ ಸ್ಪೀಕರ್ ಜೋರು ಮಾಡಿದ್ದೆ. ಹಿತ್ತಲಿನ ಸರದಿ ಬಂತು. ಮೊದಲ ರಿಂಗಿಗೇ ಯಾರೋ ಎತ್ತಿದರು. ಸೀಟಿಯಲ್ಲ, ನಮ್ಮ ಅಮ್ಮನ ವಯಸ್ಸಿನ ಹೆಂಗಸಿನ ದನಿ. “ನೀನೇ ತಾನೆ?” ಎಂದಿತು. “ಮಾತಾಡ್ಬೇಡ ಬಿಡು, ಸುಮ್ನೆ ಕೇಳಿಸ್ಕೋ. ಗುಲಾಬಿಗೆ ಹೇನು ಹತ್ತಿತ್ತು, ಸೋಪಿನ ನೀರು ಹಾಕ್ದೆ. ನೀನು ಇದ್ದಿದ್ರೆ ಅದು ಹಾಗಲ್ಲ ಹೀಗೆ ಅಂತಿದ್ದೆ. ನೀನು ಆ ಮಷೀನು ಹೊತ್ಕೊಂಡು ಹೊರಟಾಗ ನಾನು ಬಾಗಿಲಿಗೂ ಬರ್ಲಿಲ್ಲ ನೋಡು...” ಅಷ್ಟರಲ್ಲಿ ನಿನ್ನ ಪ್ರೋಗ್ರಾಂ ಫೋನಿಟ್ಟಿತು. ಪರದೆಯ ಮೇಲೆ ಸಾಲು ಮೂಡಿತು: ‘ಉತ್ತರವಿಲ್ಲ. ನಾಳೆ ಮತ್ತೆ.’

ಶುಕ್ರವಾರ ನಿಲ್ಲಿಸಬೇಕು ಎಂದುಕೊಂಡೇ ಕೂತೆ, ಕೈ ಏಳಲಿಲ್ಲ. ಆಕೆ ಉತ್ಸಾಹದಲ್ಲಿದ್ದರು. “ಮಾವ ನಿನ್ನ ವಿಳಾಸ ಕೊಟ್ಟಿದ್ದಾನೆ. ಕಾಗದ ಬರೆಯೋಣ ಅಂತ ಪೆನ್ನು ಹಿಡ್ಕೊಂಡೂ ಕೂತೆ. ಆಮೇಲೆ ಅನ್ನಿಸ್ತು, ಹುಡುಗಿ ದಿನಾ ಫೋನ್ ಮಾಡ್ತಿದ್ದಾಳಲ್ಲ, ಇವತ್ತಲ್ಲ ನಾಳೆ ಬಾಯಿ ಬಿಡ್ತಾಳೆ. ಮುಂದೆ ಬಿದ್ದು ಬರೆದ್ರೆ ಮತ್ತೆ ಬೆದರ್ತಾಳೆ. ನಾನು ಕಾಯ್ತೀನಿ, ನಿನ್ನ ಬಲವಂತ ಮಾಡಲ್ಲ.”

ಅಣ್ಣಾ, ಎಲ್ಲೋ ಒಂದು ಬಾಡಿಗೆ ಕೋಣೆಯಲ್ಲಿ ಆ ತೋಟಗಿತ್ತಿ, ಅಮ್ಮ ಒಂದು ಕಾಗದವನ್ನೂ ಹಾಕಲಿಲ್ಲವಲ್ಲ ಎಂದು ಮುಖ ಊದಿಸಿಕೊಂಡು ಕೂತಿರಬೇಕು. ಇಲ್ಲಿ ಅವಳಮ್ಮ, ನಿನ್ನ ಪ್ರೋಗ್ರಾಂ ಮಾಡುವ ಮೂಕ ಕರೆಯನ್ನು ಮಗಳದೆಂದೇ ತಿಳಿದು, ಅವಳು ದಿನಾ ಫೋನ್ ಮಾಡುತ್ತಾಳೆ ಎಂದು ಹಿಗ್ಗಿಕೊಂಡು ಕೂತಿದ್ದಾರೆ. ನಂಬರನ್ನು ಹೊಡೆದು ಹಾಕುವುದು ಒಂದು ಕ್ಷಣದ ಕೆಲಸ. ಆದರೆ ಇವತ್ತು ಸಂಜೆ ಆ ಹೊತ್ತಿಗೆ ಫೋನು ರಿಂಗಾಗದಿದ್ದರೆ ಆಕೆ ಏನೆಂದುಕೊಳ್ಳುತ್ತಾರೆ? ತಾನು ಅಂದದ್ದರಲ್ಲಿ ಯಾವ ಮಾತು ಚುಚ್ಚಿತೋ, ಮಗಳು ಮತ್ತೆ ಮುನಿಸಿಕೊಂಡಳು ಎಂದು ತಾನೆ?

ನಿನ್ನೆ ಅಮ್ಮನಿಗೆ ಎಲ್ಲ ಹೇಳಿದೆ. ಮೊದಲಿಗೆ ಅವಳೂ, “ಅಯ್ಯೋ ಪಾಪ, ಇನ್ನೊಂದು ನಾಲ್ಕು ದಿನ ಮಾಡ್ಬಿಡೇ, ಅವರಿಗೆ ಅಷ್ಟಾದ್ರೂ ನೆಮ್ಮದಿ,” ಎಂದಳು. ಸಂಜೆ ಮಣೆ ಎಳೆದುಕೊಂಡು ನನ್ನ ಪಕ್ಕ ಬಂದು ಕೂತಳು. ಸ್ಪೀಕರಿನಲ್ಲಿ ಆಕೆ ತಮ್ಮ ಮನೆಯ ಕುಕ್ಕರಿನ ಹಿಡಿ ಕಳಚಿ ಬಂದ ಕಥೆ ಹೇಳಿ ತಾವೇ ನಕ್ಕರು. ಅಮ್ಮನಿಗೂ ನಗು ಬಂತು. ನಗುತ್ತಲೇ ಕೈ ಚಾಚಿ, ಇದುವರೆಗೆ ಮುಟ್ಟದ ಆ ಮೋಡೆಮಿನ ಗುಂಡಿಯನ್ನು ತಿರುಗಿಸಿ ದನಿ ಆರಿಸಿಬಿಟ್ಟಳು. “ಇದು ನಮಗೆ ಹೇಳ್ತಿರೋದಲ್ಲ,” ಎಂದಳು. ಆಮೇಲೆ ಪಾತ್ರೆ ಒರೆಸುವಾಗ ನನ್ನ ಕಡೆ ನೋಡದೆ ಕೇಳಿದಳು: “ನಿಮ್ಮಣ್ಣ ಅಂದ್ಕೊಂಡು ನಾನು ದಿನಾ ಒಂದು ಪೆಟ್ಟಿಗೆ ಹತ್ರ ಮಾತಾಡ್ತಿದ್ರೆ, ಗೊತ್ತಿದ್ದವರು ಸುಮ್ನೆ ಇರ್ಬೇಕಾ?” ನಾನು ಒರೆಸಿದ ಪಾತ್ರೆಗಳನ್ನು ಗೂಡಿಗೆ ಜೋಡಿಸತೊಡಗಿದೆ. “ನಿನಗಾಗಲ್ಲ ಬಿಡು. ನಾನೇ ಮಾತಾಡ್ಲಾ?” ಎಂದಳು.

ಫೋನು ಕೈಗೆ ಬಂದರೆ ನನ್ನ ಗತಿ ಏನೆಂದು ನಿನಗೆ ಗೊತ್ತೇ ಇದೆ. ಕಾಲೇಜಿನ ಕೆಲಸದ ವಿಷಯಕ್ಕೆ ಫೋನ್ ಬಂದಾಗ “ಅವಳು ಮನೆಯಲ್ಲಿಲ್ಲ” ಎಂದು ನಾನೇ ಹೇಳಿ ಇಟ್ಟವಳು. ಆ ಮನೆಯವರಿಗೆ ಪರಿಚಯವೇ ಇಲ್ಲದ ನಾನು, ಅವರ ಮಗಳಿಗೆಂದು ಆಡಿದ ಮಾತೆಲ್ಲ ಕೇಳಿಸಿಕೊಂಡೆ ಎಂದು ಯಾವ ಬಾಯಲ್ಲಿ ಹೇಳಲಿ? ಆಕೆ ಬೈಯಬಹುದು. ಬೈದರೆ ಹೇಗೋ ತಡೆದುಕೊಳ್ಳಬಹುದು. ಸುಮ್ಮನಾಗಿಬಿಟ್ಟರೆ?

ನಿನ್ನನ್ನು ಕೇಳೋಣ ಎಂದು ಈ ಕಾಗದ ಶುರು ಮಾಡಿದೆ. ಆದರೆ ನೀನು ಮುಂದಿನ ಬಂದರು ಸೇರಿ, ಇದನ್ನು ಓದಿ, ಉತ್ತರ ಹಾಕುವ ಹೊತ್ತಿಗೆ ಆಕೆ ಇನ್ನೆಷ್ಟು ಸಂಜೆ ಕಾಯುತ್ತಾರೋ. ಅದಿರಲಿ. ಅಮ್ಮ ಆಶೀರ್ವಾದ ತಿಳಿಸಿದ್ದಾಳೆ, ಜೊತೆಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಲು ಹೇಳಿದ್ದಾಳೆ. ಅಪ್ಪ ಏನು ಬರೆಯಲಿ ಎಂದು ಕೇಳಿದ್ದಕ್ಕೆ “ನೆನೆಸಿಕೊಂಡೆ ಅಂತ ಬರಿ” ಎಂದು ಹೇಳಿ, ಹಾಗೆ ಹೇಳಿದ್ದಕ್ಕೇ ನಾಚಿಕೊಂಡು ಎದ್ದು ಹೋದರು. ಆರೋಗ್ಯ ನೋಡಿಕೋ.

ನಿನ್ನ ಪ್ರೀತಿಯ ತಂಗಿ,
ಮೌನಗೌರಿ

ಮತ್ತೆ: ಲಕೋಟೆ ಅಂಟಿಸುವ ಮೊದಲು ಒಂದೇ ಮಾತು. ಹೊಸ ಡೈರೆಕ್ಟರಿಯಲ್ಲಿ ‘ಹಿತ್ತಲು’ ಇರುವುದಿಲ್ಲ, ತಿಂಗಳು ತುಂಬಲಿಲ್ಲ ಎಂದು ಬೈಯಬೇಡ. ಇವತ್ತು ಸಂಜೆ ಅದೇ ಹೊತ್ತಿಗೆ ಮೋಡೆಮಿನ ತಂತಿ ಕಿತ್ತು, ಟೆಲಿಫೋನಿನಿಂದ ನಾನೇ ಡಯಲ್ ಮಾಡುತ್ತೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಆಕೆ “ನೀನೇ ತಾನೆ?” ಎಂದಾಗ, “ಅಲ್ಲಮ್ಮಾ, ನಾನು ಬೇರೆಯವಳು. ನಿಮ್ಮ ಮಗಳಿಗೆ ಕಾಗದ ಬರೀರಿ,” ಎನ್ನುತ್ತೇನೆ. ಮುಂದಿನದನ್ನು ಆಕೆ ಕೇಳಿದಂತೆ ಹೇಳುತ್ತೇನೆ. ಆಕೆ ಫೋನಿಡುವವರೆಗೆ ನಾನು ಇಡುವುದಿಲ್ಲ.